ಹಲ್ಲಿನಿಂದ ಕಡಿದ ದಾರ

(ಏಳನೆಯ ಕಂತು)

“ಆ ಹಾಳಿ ನಾ ಕಣ್ಣಾರೆ ಓದೇನ್ರಿ ಮಾಮಾರ. ನಾಕ ದಿನಾ ಆತು, ನಿಮ್ಮ ಮುಂದ ಹೇಳಾಕ ಧೈರ್ಯ ಸಾಲವಲ್ದು,” ಎಂದ ರಾಯಪ್ಪ.

ಕೊಲ್ಲಾಪುರದ ಬೋರ್ಡಿಂಗಿನ ಹದಿನಾಲ್ಕನೆಯ ಕೋಣೆ. ಎರಡು ಮಂಚ. ಒಂದರ ಮೇಲೆ ಹಾಸಿಗೆ ಇರಲಿಲ್ಲ. ಆ ಬರೀ ಹಲಗೆಯ ಮೇಲೆ ದುಂಡಪ್ಪ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಡಹಿಂಗ್ಲಜ ಠಾಣೆಯಲ್ಲಿ ಮೂವತ್ತು ವರ್ಷ ಜಮಾದಾರಿಕೆ ಮಾಡಿ ನಿವೃತ್ತನಾದವನು. ಈ ಹಲಗೆಯ ಮೇಲೆ ಮೊನ್ನೆಯವರೆಗೆ ಮಲಗುತ್ತಿದ್ದ ಭೀಮಗೊಂಡ ಅವನ ತಂಗಿ ಅಕ್ಕವ್ವನ ಒಬ್ಬನೇ ಮಗ.

ಗುರುವಾರ ಬೆಳಿಗ್ಗೆ ರಂಕಾಳ ಕೆರೆಯ ದಂಡೆಯಲ್ಲಿ, ಜೊಂಡಿನ ನಡುವೆ ಹುಡುಗನ ಹೆಣ ಸಿಕ್ಕಿತ್ತು. ಓಟದ ತಂಡದಿಂದ ಹೆಸರು ಹೊಡೆದುಹಾಕಿದ್ದರಿಂದ ಮನಸ್ಸಿಗೆ ಹಚ್ಚಿಕೊಂಡು ಹಾರಿಕೊಂಡ ಎಂದು ಅಲ್ಲಿಯ ಪೊಲೀಸ್ ಠಾಣೆಯ ಫೌಜದಾರ ಬರೆದ. ನಾಳೆ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಮನೆಯವರ ಪರವಾಗಿ ದುಂಡಪ್ಪ ಆ ಕಾಗದಕ್ಕೆ ಸಹಿ ಹಾಕಿದರೆ ಕಡತ ಮುಚ್ಚಿತು. ಆಮೇಲೆ ಯಾರು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ.

ದುಂಡಪ್ಪನಿಗೆ ಇನ್ನೂ ಅಳು ಬಂದಿರಲಿಲ್ಲ. ಹಸಿವೂ ಬಂದಿರಲಿಲ್ಲ. ಬಹಳ ಹೊತ್ತು ಕೂತು ಜೋಮು ಹಿಡಿದ ಕಾಲಿನ ಹಾಗಾಗಿತ್ತು ಅವನ ಎದೆ. ಇದೆ ಅನ್ನುವುದು ಗೊತ್ತು, ಚಿವುಟಿದರೆ ಮಾತ್ರ ಗೊತ್ತಾಗುತ್ತಿರಲಿಲ್ಲ. ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ, ಚಹಾ ಕುಡಿಯುತ್ತಿದ್ದ, ಬಸ್ಸು ಹತ್ತಿ ಇಳಿಯುತ್ತಿದ್ದ.

“ಯಾವ ಹಾಳಿ? ಮೊದಲಿಂದ ಹೇಳು,” ಎಂದ.

ಇನ್ನೊಂದು ಮಂಚದ ಮೇಲಿದ್ದ ರಾಯಪ್ಪ, ಭೀಮಗೊಂಡನ ಕೋಣೆಯ ಜೊತೆಗಾರ, ಬಾಗಿಲಿನ ಕಡೆ ಒಮ್ಮೆ ನೋಡಿ ಹೇಳತೊಡಗಿದ.

ಕಾಲೇಜಿನ ಜಿಮಖಾನಾದಲ್ಲಿ ಮುರಿದ ಹಾಕಿ ಕೋಲು, ಹರಿದ ಬಲೆ ತುಂಬಿದ ಒಂದು ಕತ್ತಲೆ ಕೋಣೆ ಇತ್ತು. ಅಲ್ಲಿಯ ಗೆದ್ದಲು ಹತ್ತಿದ ಕಪಾಟಿನಲ್ಲಿ ಸಾವಿರದೆಂಟುನೂರ ತೊಂಬತ್ತಾರನೇ ಇಸವಿಯ ಆಟೋಟದ ವಹಿ ಭೀಮಗೊಂಡನ ಕೈಗೆ ಸಿಕ್ಕಿತ್ತು. ಆಗ ಆಟ ಕಲಿಸುತ್ತಿದ್ದ ಬಿಳಿಯ ಪ್ರೊಫೆಸರ್ ಸಾಹೇಬರು ಸ್ವಂತ ಕೈಯಲ್ಲಿ ಬರೆದದ್ದು. ನದಿ ದಾಟಿ ಗುಡ್ಡದ ಹಾದಿಯಲ್ಲಿ ಆರನೆಯ ಮೈಲಿಗಲ್ಲು ಮುಟ್ಟಿ ಮರಳಿ ಬರುವ ಓಟವನ್ನು ಶುರು ಮಾಡಿದವರೂ ಅವರೇ. ಗುಡ್ಡದ ಓಟ ಎಂದರೆ ಇವತ್ತಿಗೂ ಕಾಲೇಜಿನ ಹುಡುಗರ ಕಿವಿ ನೆಟ್ಟಗಾಗುತ್ತದೆ.

ಜಿಮಖಾನಾದ ಗೋಡೆಯ ಹಲಗೆಯಲ್ಲಿ ತೊಂಬತ್ತಾರರ ವಿಜೇತ ಎಂದು ಹೆಸರಿದ್ದದ್ದು ಇಚಲಕರಂಜಿಯ ಬಸಗೊಂಡನದು. ಅವನ ಮಗ ಗುರಣ್ಣ ಈಗ ಜಿಮಖಾನಾ ಕಮಿಟಿಯ ಅಧ್ಯಕ್ಷ. ಬರುವ ಭಾನುವಾರ ಹೊಸ ಸಭಾಂಗಣಕ್ಕೆ ಬಸಗೊಂಡನ ಹೆಸರಿಟ್ಟು, ಭಾವಚಿತ್ರಕ್ಕೆ ಹಾರ ಹಾಕುವುದೆಂದು ಕರೆಯೋಲೆಯೂ ಹಂಚಿಯಾಗಿತ್ತು.

“ವಹಿಯೊಳಗ ಬ್ಯಾರೇನ ಇತ್ರಿ. ಮೊದಲ ಬಂದಾಂವ ಅಕಿವಾಟದ ಸಾತಪ್ಪ ಅಂತ ಬರದಿತ್ತು.”

ದುಂಡಪ್ಪ ತಲೆ ಎತ್ತಿದ. ಅಕಿವಾಟದ ಸಾತಪ್ಪ ಎಂದರೆ ಅವನ ಅಪ್ಪ. ಎರಡು ವರ್ಷ ಕಾಲೇಜು ಕಲಿತು, ಊರಿಗೆ ಬಂದು ನೇಗಿಲು ಹಿಡಿದವನು. ‘ನಾ ಗುಡ್ಡದ ಓಟ ಗೆದ್ದಾಂವ’ ಎಂದು ಮುಪ್ಪಿನಲ್ಲಿ ಆಗಾಗ ಅನ್ನುತ್ತಿದ್ದ. ದುಂಡಪ್ಪ ಅದನ್ನು ಮುದುಕನ ಬಡಾಯಿ ಎಂದು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟಿದ್ದ. ತಂಗಿ ಅಕ್ಕವ್ವ ನಂಬಿದ್ದಳು. ನಂಬಿ ಮಗನಿಗೂ ಹೇಳಿದ್ದಳು. ಹುಡುಗ ಹುಡುಕಿದ್ದು ಅದಕ್ಕೇ.

“ಮತ್ತ ಗೆದ್ದಾಂವಗ ಕೊಡೂ ಕಪ್ಪು ಬಸಗೊಂಡಗ ಹೆಂಗ ಹೋತು?”

“ಓಡೋರ ಮೈಮ್ಯಾಲೆ ಬೆಳ್ಳಿ ಬಂಗಾರ ಏನೂ ಇರಬಾರದಂತ ಸಾಹೇಬ್ರ ಕಾನೂನರಿ. ಕೊರಳಾಗಿನ ಬೆಳ್ಳಿ ಡಬ್ಬಿ ತಗಿ ಅಂದ್ರಂತ. ನಿಮ್ಮಪ್ಪಾರು ತಗೀಲಿಲ್ಲ. ಹಂಗ ಓಡಿ ಮೊದಲ ಬಂದ್ರು. ಸಾಹೇಬ್ರು ಅದನ್ನ ಲೆಕ್ಕಕ್ಕ ಹಿಡೀಲಿಲ್ಲ. ಬಸಗೊಂಡ ತನ್ನ ಡಬ್ಬಿ ಬಿಚ್ಚಿ ಸಾಹೇಬ್ರ ಮೇಜಿನ ಮ್ಯಾಲೆ ಇಟ್ಟು ಓಡಿದ್ದನಂತ. ಎರಡನೇದಾಂವ ಬಂದಿದ್ದ. ಕಪ್ಪು ಅವಗ ಕೊಟ್ರು.”

ಸಾಹೇಬರಿಗೆ ಅದು ಬೆಳ್ಳಿ ಡಬ್ಬಿ. ಇವರಿಗೆ ಕರಡಿಗೆ, ಒಳಗೆ ಇಷ್ಟಲಿಂಗ. ದೀಕ್ಷೆಯಾದ ಮೇಲೆ ಮೈಯಿಂದ ಬೇರೆ ಮಾಡಬಾರದ್ದು. ಅದನ್ನು ಒಂದು ಕಪ್ಪಿನ ಆಸೆಗೆ ಬಿಚ್ಚಿಟ್ಟು ಓಡಿದವನ ಪಟಕ್ಕೆ ಭಾನುವಾರ ಹಾರ. ಗುರಣ್ಣ ಹಣೆತುಂಬ ವಿಭೂತಿ ಧರಿಸಿ ಮಠದ ಪಂಕ್ತಿಯಲ್ಲಿ ಮೊದಲು ಕೂರುವವನು. ಈ ಹಾಳೆ ಹೊರಬಿದ್ದರೆ ಅವನು ತಲೆ ಎತ್ತಿ ತಿರುಗುವಂತಿರಲಿಲ್ಲ.

“ಬುಧವಾರ ಮಧ್ಯಾಹ್ನ ಭೀಮ್ಯಾ ಆ ಹಾಳಿ ಹರಕೊಂಡ, ಸಣ್ಣಂಗ ಮಡಚಿ ತನ್ನ ಕರಡಗಿಯೊಳಗ ಇಟ್ಟ. ಗುರಣ್ಣಾರ ಕಡೆ ಹೋಗಿ ಬರ್ತೇನಿ ಅಂದ. ಇಚಲಕರಂಜಿ ಬಸ್ಸ ಹತ್ತಿದ. ಆಮ್ಯಾಲೆ ನಾ ಅವನ್ನ ನೋಡಿಲ್ರಿ.” ರಾಯಪ್ಪ ಮೂಗು ಒರೆಸಿಕೊಂಡ.

ದುಂಡಪ್ಪ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಒಳಗಿದ್ದದ್ದು ಬಿಳಿಯ ದಾರ. ನಾಲ್ಕೈದು ಎಳೆ ಹುರಿ ಮಾಡಿದ್ದು.

ಶುಕ್ರವಾರ ಅಕಿವಾಟದ ಹೊಲದಲ್ಲಿ ಹುಡುಗನನ್ನು ಕುಣಿಯಲ್ಲಿ ಕೂರಿಸಿ ಎಡಗೈಯಲ್ಲಿ ಲಿಂಗ ಇಡುವಾಗ, ಅದನ್ನು ಕೊರಳಿನಿಂದ ಬಿಚ್ಚಿದವನು ದುಂಡಪ್ಪನೇ. ಕರಡಿಗೆ ಇರಲಿಲ್ಲ. ಹುಪರಿಯ ಅಕ್ಕಸಾಲಿಗನ ಮನೆಯಲ್ಲಿ ತಾನೇ ಮುಂದೆ ಕೂತು ಮಾಡಿಸಿಕೊಟ್ಟ ಕರಡಿಗೆ. ಬರೀ ಲಿಂಗವನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ ಈ ದಾರದಿಂದ ಕಟ್ಟಿದ್ದರು. ಕೇಳಿದ್ದಕ್ಕೆ, ಕರಡಿಗೆ ಮಾರಿಕೊಂಡಿರಬೇಕು ಎಂದ ಫೌಜದಾರ. ದುಂಡಪ್ಪ ಆಗ ಹೂಂ ಅಂದಿದ್ದ.

ಈಗ ಅವನ ಹಳೆಯ ಪೊಲೀಸ್ ಬುದ್ಧಿ ಮೆಲ್ಲಗೆ ಕಣ್ಣು ಬಿಟ್ಟಿತು. ಕಳ್ಳನಾದರೆ ಕರಡಿಗೆಯನ್ನು ಲಿಂಗದ ಸಮೇತ ಎತ್ತಿಕೊಂಡು ಹೋಗುತ್ತಿದ್ದ. ಕಲ್ಲಿನ ತುಣುಕು ಎಲ್ಲಿ ಬಿದ್ದರೆ ಅವನಿಗೇನು? ಲಿಂಗವನ್ನು ಜೋಪಾನವಾಗಿ ಹೊರಗೆ ತೆಗೆದು, ಬಟ್ಟೆಯಲ್ಲಿ ಸುತ್ತಿ, ಹೆಣದ ಕೊರಳಿಗೆ ಮರಳಿ ಕಟ್ಟಿ, ಕರಡಿಗೆ ಮಾತ್ರ ಒಯ್ದವನು ನಮ್ಮವನೇ. ಕೊಲ್ಲಲು ಕೈ ಬಂದಿತ್ತು, ಲಿಂಗವಿಲ್ಲದೆ ಮಣ್ಣಿಗೆ ಕಳಿಸಲು ಬಂದಿರಲಿಲ್ಲ.

ದಾರದ ಗಂಟು ಜೋಳದ ಕಾಳಿಗಿಂತ ಚಿಕ್ಕದಾಗಿತ್ತು. ಮನೆಯಲ್ಲಿ ನಾವು ನೀವು ಹಾಕುವ ಗಂಟಲ್ಲ ಅದು. ನೂಲಿನ ಕೆಲಸದವರ ಗಂಟು. ದುಂಡಪ್ಪ ಟೊಪ್ಪಿಗೆ ಹಾಕಿಕೊಂಡು ಎದ್ದು, ಹನ್ನೊಂದೂವರೆಯ ಇಚಲಕರಂಜಿ ಬಸ್ಸು ಹಿಡಿದ.

*

ಇಚಲಕರಂಜಿಗೆ ಹತ್ತಿಕೊಂಡ ಶಹಾಪುರದಲ್ಲಿ ಗುರಣ್ಣನ ಇಪ್ಪತ್ನಾಲ್ಕು ವಿದ್ಯುತ್ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು. ಅಂಗಳದಲ್ಲಿ ನಿಂತರೂ ಅಂಗಾಲಿಗೆ ನಡುಕ ಹತ್ತುತ್ತಿತ್ತು.

“ಬಸಾ ಕಾಕಾ, ಮಾಲಕ ಆತಾ ಯೇತೀಲ,” ಎಂದು ಲೆಕ್ಕ ಬರೆಯುವ ದಿವಾಣಜಿ, ಮಾಲಕರು ಈಗ ಬರುತ್ತಾರೆ ಕೂರಿ ಎಂದು ಮರಾಠಿಯಲ್ಲಿ ಹೇಳಿ ಗಾದಿ ತೋರಿಸಿದ. ದುಂಡಪ್ಪ ಕೂರಲಿಲ್ಲ.

ಗುರಣ್ಣ ಬಂದ. ಐವತ್ತೈದರ ದಪ್ಪ ಮನುಷ್ಯ, ಶುಭ್ರ ಧೋತರ. ದುಂಡಪ್ಪನನ್ನು ಕಂಡೊಡನೆ ಬಾಗಿಲು ಮುಂದೆ ಮಾಡಿದ. ಮಗ್ಗದ ಸದ್ದು ಅರ್ಧ ಕಡಿಮೆಯಾಯಿತು.

“ಭಾಳ ಕೆಟ್ಟ ಆತ್ರಿ ಜಮಾದಾರ್ರ. ಅಕ್ಕವ್ವಗ ಎಷ್ಟ ದಿನಾ ಬೇಕಾದ್ರೂ ಮನ್ಯಾಗ ಇರವಾ ಅಂತ ಹೇಳಿ ಕಳಿಸೇನಿ.”

ಅಕ್ಕವ್ವ ಹತ್ತು ವರ್ಷದಿಂದ ಇದೇ ಕಾರಖಾನೆಯಲ್ಲಿ ದುಡಿಯುತ್ತಿದ್ದಳು. ದುಂಡಪ್ಪ ಆ ಮಾತಿಗೆ ಕೈಹಾಕಲಿಲ್ಲ.

“ಬುಧವಾರ ಭೀಮಗೊಂಡ ನಿಮ್ಮ ಕಡೆ ಬಂದಿದ್ದನೇನ್ರಿ?”

“ಬಂದಿದ್ದ.” ಗುರಣ್ಣ ತಡವರಿಸಲಿಲ್ಲ.

“ಹಂಗಂತ ನೀವು ಪೊಲೀಸರಿಗೆ ಹೇಳಲಿಲ್ಲ.”

“ಕೇಳಲಿಲ್ಲ ಅವರು.”

“ನಿಮ್ಮಪ್ಪಾರ ಹಾಳಿ ತೋರಿಸಿದನೇನು?”

ಗುರಣ್ಣನ ಮುಖದ ಬಣ್ಣ ಇಳಿಯಿತು. ಗೋಡೆಗೆ ಆನಿಸಿದ್ದ ದೊಡ್ಡ ಪಟದ ಕಡೆ ಅವನ ಕಣ್ಣು ತಾನಾಗಿ ಹೋಯಿತು. ಇನ್ನೂ ಕಾಗದ ಬಿಚ್ಚದ ಹೊಸ ಚೌಕಟ್ಟು.

“ತೋರಿಸಿದ. ನಾ ಎಲ್ಲಾ ಓದಿದೆ.” ಅವನು ಗಾದಿಯ ಮೇಲೆ ಕುಸಿದು ಕೂತ. “ಸಣ್ಣಾಂವ ಇದ್ದಾಗಿಂದ ಆ ಕಪ್ಪು ನಾನ ತಿಕ್ಕಿ ಒರಸ್ತಿದ್ದೆ, ಜಮಾದಾರ್ರ. ಕೈಯಾಗ ಕೊಟ್ಟರ ಬೈತಿದ್ದ ನಮ್ಮಪ್ಪ. ಆ ಕಪ್ಪಿನ ಮಾರಿ ನೋಡತಿರಲಿಲ್ಲ ಅಂವ. ಯಾಕಂತ ನನಗ ಬುಧವಾರ ತಿಳೀತು.”

“ಹೊರಗ ಬಿದ್ರ ಮಾನಾ ಹೋಗ್ತಿತ್ತು.”

“ಹೋಗ್ತಿತ್ತು.”

“ಅದಕ್ಕ ಹುಡುಗನ ಬಾಯಿ ಮುಚ್ಚಿಸಿದ್ರಿ.”

“ಮುಚ್ಚಿಸಿದೆ. ಹೆಂಗ ಮುಚ್ಚಿಸಿದೆ ಅಂತ ನೋಡ್ರಿ ಇಲ್ಲೆ!” ಗುರಣ್ಣ ಮೇಜಿನ ಖಾನೆ ಎಳೆದು ಒಂದು ಕಾಗದ ಅವನ ಮುಂದೆ ಒಗೆದ. ಕಾಲೇಜಿಗೆ ಬರೆದ ಪತ್ರದ ನಕಲು. ತಾರೀಖು ಬುಧವಾರದ್ದು. ಹೊಸ ವಿಶ್ವವಿದ್ಯಾಲಯದ ಓಟದ ತಂಡದಲ್ಲಿ ಭೀಮಗೊಂಡನ ಹೆಸರನ್ನು ಮತ್ತೆ ಸೇರಿಸಬೇಕು ಎಂದಿತ್ತು. ಮೇಲೆ ಅಂಚೆಯ ರಜಿಸ್ಟರ್ ಚೀಟಿ ಚುಚ್ಚಿತ್ತು, ಬುಧವಾರದ ಮುದ್ರೆ, ನಾಲ್ಕು ಗಂಟೆ.

“ಹಾಳಿ ಯಾರಿಗೂ ತೋರಸೂದಿಲ್ರಿ, ನನಗ ಓಡಾಕ ಬಿಡ್ರಿ ಸಾಕು ಅಂದ. ಬಿಟ್ಟೆ. ನನ್ನೆದುರಿಗೆ ಕುಂತು ಎರಡ ಕಪ್ ಚಹಾ ಕುಡದ, ಜಮಾದಾರ್ರ. ನಕ್ಕೋತ ಹ್ವಾದ. ಅಂಥಾ ಹುಡುಗ ಅದ ದಿನಾ ನೀರಿಗೆ ಹಾರತಾನೇನು?”

ಓಡಲು ಬಿಡುತ್ತಾರೆಂದು ತಿಳಿದು ನಗುತ್ತ ಹೋದವನು ತಾನಾಗಿ ಸಾಯಲಿಲ್ಲ. ಅದೊಂದು ಗಟ್ಟಿಯಾಯಿತು. ಆದರೆ ಗುರಣ್ಣ ಕೊಲ್ಲಬೇಕಾದ ಕಾರಣವೂ ಅದೇ ಕಾಗದದಲ್ಲಿ ಕರಗಿ ಹೋಯಿತು. ಬಸ್ಸಿನಲ್ಲಿ ಹದಿನೆಂಟು ಮೈಲಿ ಹೊತ್ತು ತಂದಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ದುಂಡಪ್ಪನಿಗೆ ತಿಳಿಯಲಿಲ್ಲ.

“ಹಾಳಿ ನಿಮಗ ಕೊಟ್ಟನೇನು?”

“ಇಲ್ಲ. ಮೊದಲ ಅವ್ವಗ ತೋರಿಸಿ, ಆಮ್ಯಾಲೆ ನಿಮ್ಮ ಮುಂದ ಸುಡ್ತೇನಿ ಅಂದ.”

ದಸರೆಯ ನಂತರ ಮಗನ ಮುಖವನ್ನೇ ನೋಡಿಲ್ಲ ಎಂದು ಪಂಚನಾಮೆಯಲ್ಲಿ ಹೆಬ್ಬೆಟ್ಟು ಒತ್ತಿದ್ದಳು ಅಕ್ಕವ್ವ.

ಗುರಣ್ಣ ಸುಳ್ಳು ಹೇಳುತ್ತಿರಬಹುದು. ಹೇಳುತ್ತಿರಲಿ ಎಂದು ದುಂಡಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಪೊಟ್ಟಣ ಬಿಚ್ಚಿ ದಾರವನ್ನು ಮೇಜಿನ ಮೇಲಿಟ್ಟ.

“ಹುಡುಗನ ಕೊರಳಾಗ ಇತ್ತು. ನಿಮ್ಮ ಕಾರಖಾನಿ ಗಂಟು ಹೌದಲ್ಲರಿ?”

“ನಾ ಮಗ್ಗಾ ಕೊಂಡಾಂವ, ನೇದಾಂವ ಅಲ್ಲ. ತಿಳದೋರನ್ನ ಕೇಳೂಣು ನಡೀರಿ,” ಎಂದ ಗುರಣ್ಣ, ಮತ್ತು ಎದ್ದೇಬಿಟ್ಟ.

ಮಗ್ಗಗಳ ಹಿಂದಿನ ಉದ್ದ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕೂತು, ಮಗ್ಗದ ಲಾಳಿಯಲ್ಲಿ ಕೂರುವ ಸಣ್ಣ ಕಡ್ಡಿಗಳಿಗೆ ನೂಲು ಸುತ್ತುತ್ತಿದ್ದರು. ಅದಕ್ಕೆ ಅಲ್ಲಿ ಕಾಂಡಿ ಸುತ್ತುವುದು ಎನ್ನುತ್ತಾರೆ. ತಲೆಯ ಮೇಲೆಲ್ಲ ಹತ್ತಿಯ ದೂಳು. ಗುರಣ್ಣ ಎಲ್ಲರಿಗಿಂತ ಹಿರಿಯಳಾದ ಫಕೀರವ್ವನ ಕೈಗೆ ದಾರ ಕೊಟ್ಟ.

ಮುದುಕಿ ಅದನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಗಂಟು ಸವರಿದಳು.

“ಇದು ಮಗ್ಗದ ಮ್ಯಾಲಿನ ಗಂಡಸರದ ಅಲ್ರಿ ಸಾಹೇಬ್ರ. ಅವರ ಕೈಯಾಗ ಕತ್ತರಿ ಇರತೈತಿ, ದಾರದ ತುದಿ ನೆಟ್ಟಗ ಬರತೈತಿ. ಇಲ್ಲಿ ನೋಡ್ರಿ, ತುದಿ ಜಜ್ಜೇತಿ. ಹಲ್ಲಿಂದ ಕಡದಾರ. ಕಾಂಡಿ ಸುತ್ತೋ ಹೆಣಮಕ್ಕಳು ನಾವು ಹಲ್ಲಿಂದ ಕಡೀತೀವಿ. ಕತ್ತರಿ ಹುಡಿಕ್ಕೋತ ಕುಂತ್ರ ಕೆಲಸಾ ಎಲ್ಲಿ ಸಾಗತೈತಿ?”

ಹೇಳುತ್ತ ಹೇಳುತ್ತ ಅವಳ ಬಾಯಿ ನಿಂತಿತು. ಕಣ್ಣು ಸಾಲಿನ ನಡುವೆ ಖಾಲಿ ಬಿದ್ದಿದ್ದ ಒಂದು ಮಣೆಯ ಕಡೆ ಹೋಗಿ ಬಂತು. ಉಳಿದ ಹೆಂಗಸರು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಎಲ್ಲರ ಮಣೆಯ ಮೇಲೂ ಜನ ಇದ್ದರು. ಅದೊಂದು ಅಕ್ಕವ್ವನದು.

“ಯಾರ ಗಂಟಿದು, ಫಕೀರವ್ವಾ?” ಎಂದ ದುಂಡಪ್ಪ.

“ನನಗೇನ ಗೊತ್ರಿ? ಎಲ್ಲಾರ ಹಲ್ಲೂ ಒಂದ,” ಎಂದು ಮುದುಕಿ ದಾರ ಹಿಂದೆ ಕೊಟ್ಟಳು.

*

ಅಕ್ಕವ್ವನ ಮನೆ ಕಾರಖಾನೆಯಿಂದ ಮೂರು ಗಲ್ಲಿ ಆಚೆ. ನೇಕಾರರ ಚಾಳಿನಲ್ಲಿ ಎರಡು ಕೋಣೆ.

ಆ ಮೂರು ಗಲ್ಲಿ ನಡೆಯುವಷ್ಟರಲ್ಲಿ ದುಂಡಪ್ಪನ ತಲೆಯಲ್ಲಿ ಒಂದೊಂದೇ ಎದ್ದು ಬಂತು. ಮುಳುಗಿ ಸತ್ತವನು ತಳ ಸೇರುತ್ತಾನೆ, ಮರುದಿನವೇ ದಂಡೆಗೆ ಬರುವುದಿಲ್ಲ. ಮೂವತ್ತು ವರ್ಷದಲ್ಲಿ ಇದನ್ನು ಹತ್ತು ಸಲ ಕಂಡವನಿಗೆ ತನ್ನ ಅಳಿಯನ ವಿಷಯದಲ್ಲಿ ಹೊಳೆದಿರಲಿಲ್ಲ. ಹೆಣ ಕೊಯ್ದಿದ್ದರೆ ಅವತ್ತೇ ತಿಳಿಯುತ್ತಿತ್ತು. ಕೊಯ್ಯಿಸಬ್ಯಾಡ ಅಣ್ಣಾ ಎಂದು ಅಕ್ಕವ್ವ ಕಾಲು ಹಿಡಿದಳು. ಇವನು ಹೋಗಿ ಫೌಜದಾರನಿಗೆ ಕೈಮುಗಿದ. ಫೌಜದಾರ ಒಂದು ಮಾತೂ ಎದುರಾಡದೆ ಒಪ್ಪಿದ್ದ. ಒಳ್ಳೆಯ ಮನುಷ್ಯ ಎಂದುಕೊಂಡಿದ್ದ ದುಂಡಪ್ಪ.

ಅಕ್ಕವ್ವ ಒಳಗೆ ಗೋಡೆಗೆ ಒರಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಉಂಡಿಯೇನಣ್ಣಾ?”

“ಇಲ್ಲ.”

“ರೊಟ್ಟಿ ಅದಾವು. ಕೈಕಾಲ ತೊಕ್ಕೋ.”

ಅವನು ಅವಳ ಎದುರು ಚಾಪೆಯ ಮೇಲೆ ಕೂತು, ಹಸನಾದ ಜೋಳದ ಮೇಲೆ ದಾರವನ್ನು ಇಟ್ಟ. ಅಕ್ಕವ್ವನ ಕೈ ನಿಲ್ಲಲಿಲ್ಲ. ಒಂದು ಹರಳು ಹೆಕ್ಕಿ ಬಾಗಿಲಾಚೆ ಒಗೆದಳು. ಆಮೇಲೆ ಇನ್ನೊಂದು.

“ಫಕೀರವ್ವಗ ತೋರಿಸಿದೆ,” ಎಂದ.

“ಅಕಿ ಕಣ್ಣು ಇನ್ನಾ ಚಲೋ ಅದಾವ.”

“ನೀ ಕಟ್ಟೀಯೇನು?”

“ನಾನ ಕಟ್ಟೇನಿ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಠಾಣೆಯಲ್ಲಿ ಕೂತು ಯಾರದೋ ಹೇಳಿಕೆ ಬರೆದುಕೊಳ್ಳುವ ದನಿಯಲ್ಲಿ ಅವನು ಕೇಳಿದ.

“ಗುರುವಾರ ನಸುಕಿನ್ಯಾಗ ಪೊಲೀಸರಿಗಿಂತ ಮೊದಲ ಕೆರಿಗೆ ಹೋಗಿದ್ದಿ?”

“ಆ ಕೆರಿ ಮಾರಿ ನಾ ಇನ್ನೂ ನೋಡಿಲ್ಲ, ಅಣ್ಣಾ.”

“ಮತ್ತ ಎಲ್ಲಿ ಕಟ್ಟಿದಿ?”

ಅಕ್ಕವ್ವ ಗದ್ದದಿಂದ ಚಾಪೆ ತೋರಿಸಿದಳು.

“ನೀ ಕುಂತೀಯಲ್ಲ, ಅಲ್ಲೆ. ಬುಧವಾರ, ದೀಪಾ ಹಚ್ಚೂ ಹೊತ್ತಿಗೆ. ದಾರಾ ಕಡಿಯಾಕ ಬಗ್ಗಿದೆ, ಅವನ ಮಾರಿ ನನ್ನ ಮಾರಿಗೆ ಹತ್ತಿತ್ತು. ಮೈ ಒಣಗಿತ್ತು. ಒಂದ ಹನಿ ನೀರ ಇರಲಿಲ್ಲ.”

ದುಂಡಪ್ಪ ಚಾಪೆಯಿಂದ ಸರಿದು ಬರೀ ನೆಲದ ಮೇಲೆ ಕೂತ. ಹೊರಗೆ ಯಾರದೋ ಮನೆಯಲ್ಲಿ ಕೊಡ ತುಂಬುವ ಸದ್ದು ಬರುತ್ತಿತ್ತು.

ಅಕ್ಕವ್ವ ಎದ್ದು ಮೂಲೆಯ ಜೋಳದ ಗಡಿಗೆಯಲ್ಲಿ ಮೊಣಕೈ ತನಕ ಕೈ ಇಳಿಸಿದಳು. ಮೇಲೆ ಬಂದ ಅಂಗೈಯಲ್ಲಿ ಕರಡಿಗೆ ಇತ್ತು. ಹುಪರಿಯದ್ದು, ತಾನೇ ಮಾಡಿಸಿದ್ದು. ದುಂಡಪ್ಪ ಮುಚ್ಚಳ ತಿರುಗಿಸಿದ. ಒಳಗೆ ಸಣ್ಣದಾಗಿ ಮಡಚಿದ ಹಳದಿ ಕಾಗದ ಹಾಗೆಯೇ ಕೂತಿತ್ತು. ಬಿಚ್ಚಿದ. ಸಾಹೇಬರ ಓರೆ ಅಕ್ಷರಗಳ ನಡುವೆ ಅಪ್ಪನ ಹೆಸರು ಕಂಡಿತು. ಅರವತ್ತೇಳು ವರ್ಷದ ಮಸಿ, ಇನ್ನೂ ಕಪ್ಪಾಗಿತ್ತು.

ಈ ಹಾಳೆಗಾಗಿ ಹುಡುಗ ಸತ್ತ ಎಂದುಕೊಂಡು ಅವನು ಬೆಳಿಗ್ಗೆಯಿಂದ ಓಡಾಡಿದ್ದ. ಹಾಳೆಯನ್ನು ಯಾರೂ ಮುಟ್ಟಿರಲಿಲ್ಲ.

“ಇದನ್ನ ಯಾಕ ತಗದಿಟ್ಟಿ? ಅವನ ಕೊರಳಾಗ ಹಂಗ ಬಿಡಬೇಕಿತ್ತು.”

“ಅಪ್ಪನ ಹೆಸರ ಐತಿ ಅದರಾಗ.” ಅಕ್ಕವ್ವ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. “ನೀರಾಗ ತೊಯ್ತೈತಿ ಅಂತ ತಗದೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬುಧವಾರ ದೀಪ ಹಚ್ಚುವ ಹೊತ್ತಿಗೆ ಮಗ ಒಣ ಮೈಯಲ್ಲಿ ಈ ಚಾಪೆಯ ಮೇಲೆ ಮಲಗಿದ್ದಾಗಲೇ, ಅವನು ನೀರಿಗೆ ಹೋಗುತ್ತಾನೆಂದು ಇವಳಿಗೆ ಗೊತ್ತಿತ್ತು.

“ಅಕ್ಕವ್ವಾ,” ಎಂದ. ಐದು ದಿನದಲ್ಲಿ ಮೊದಲ ಸಲ ಅವನ ದನಿ ಒಡೆಯಿತು. “ಯಾರು ಕೊಂದ್ರು ಅವನ್ನ?”

“ನಾಳೆ ಹತ್ತಕ್ಕ ಹೋಗಿ ಸಹಿ ಮಾಡಿಬಿಡು. ನನ್ನ ಆಣಿ ಐತಿ.”

“ಕೇಳಿದ್ದಕ್ಕ ಹೇಳು. ಇಲ್ಲಿಂದ ಯಾರು ಒಯ್ದ್ರು?”

ಅವಳು ಮೊರದಲ್ಲಿದ್ದ ದಾರವನ್ನು ಎತ್ತಿ, ಬೆರಳಿಗೆ ಸುತ್ತಿ, ಬಿಚ್ಚಿ, ಅವನ ಅಂಗೈಯಲ್ಲಿಟ್ಟಳು.

“ಇಬ್ಬರು ಬಂದಿದ್ರು. ಒಬ್ಬನ ಹೆಸರ ನನಗ ಗೊತ್ತಿಲ್ಲ. ಇನ್ನೊಬ್ಬಗ ನೀ ಗುರುವಾರ ಠಾಣ್ಯಾ ಮುಂದ ಕೈ ಮುಗದಿ, ಅಣ್ಣಾ. ಕೊಯ್ಯಬ್ಯಾಡ್ರಿ ಸಾಹೇಬ್ರ ಅಂತ.”